ನನ್ನ ಬೆನ್ನಿನ ಗಾಯವನ್ನು ನೋಡಿದವರು

ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳಿಬಿಡುತ್ತೇನೆ. ಕಾಯಿಲೆ ಬಂದರೆ ನನಗೆ ಆಗುವ ದುಃಖಕ್ಕಿಂತ, ಬಂದ ಕಾಯಿಲೆಯನ್ನು ಯಾರೂ ವಿಚಾರಿಸದಿದ್ದರೆ ಆಗುವ ದುಃಖವೇ ದೊಡ್ಡದು. ಈ ವಿಷಯದಲ್ಲಿ ನನ್ನ ಮೈ ಐವತ್ತೆರಡು ವರ್ಷ ನನಗೆ ಸಹಕಾರವನ್ನೇ ಕೊಟ್ಟಿರಲಿಲ್ಲ. ನೆಗಡಿ, ಹಲ್ಲುನೋವು, ಆಗೀಗ ಹೊಟ್ಟೆ ಕೆಡುವುದು, ಇವನ್ನೆಲ್ಲ ಯಾರ ಮುಂದೆ ಹೇಳಿಕೊಳ್ಳುವುದು? ನಮ್ಮ ಪಕ್ಕದ ಮನೆಯ ಮೇಷ್ಟ್ರು ಕಿಡ್ನಿಯ ಕಲ್ಲು ತೆಗೆಸಿಕೊಂಡು ಬಂದವರು ಆ ಕಲ್ಲನ್ನು ಸಣ್ಣ ಡಬ್ಬಿಯಲ್ಲಿ ಹಾಕಿ, ಶೋಕೇಸಿನಲ್ಲಿ ಮಗಳ ಓಟದ ಪದಕಗಳ ಪಕ್ಕದಲ್ಲಿಟ್ಟಿದ್ದಾರೆ. ಹೋದವರೆಲ್ಲ ಪದಕ ಬಿಟ್ಟು ಕಲ್ಲನ್ನೇ ನೋಡುತ್ತಾರೆ. ನಾನೂ ನಾಲ್ಕು ಸಲ ನೋಡಿದ್ದೇನೆ, ನಾಲ್ಕು ಸಲವೂ ಹೊಟ್ಟೆಕಿಚ್ಚಿನಿಂದ.

ಹೀಗಿರುವಾಗ ನನ್ನ ಎಡ ಹೆಗಲ ಹಿಂದೆ ಒಂದು ಕೊಬ್ಬಿನ ಗಂಟು ಬೆಳೆಯಿತು. ನಿಂಬೆಹಣ್ಣಿನಷ್ಟಾದ ಮೇಲೆ ಹಗರಿಬೊಮ್ಮನಹಳ್ಳಿಯ ಒಂದು ಆಸ್ಪತ್ರೆಗೆ ಹೋದೆ. ಡಾಕ್ಟರು ಅರ್ಧ ಗಂಟೆಯಲ್ಲಿ ಅದನ್ನು ತೆಗೆದು, ಹೊಲಿಗೆ ಹಾಕಿ, "ಏನೂ ಇಲ್ರಿ, ಬರೇ ಕೊಬ್ಬು" ಎಂದರು. ಆ ಮಾತು ನನಗೆ ಸ್ವಲ್ಪ ಚುಚ್ಚಿತು. ಗಾಯ ನನ್ನದಾದರೂ ಸಿಸ್ಟರು ಸೂಚನೆಗಳನ್ನೆಲ್ಲ ಕೊಟ್ಟದ್ದು ನನ್ನ ಹೆಂಡತಿ ನಾಗರತ್ನಳಿಗೆ. ನೀರು ತಾಗಿಸಬಾರದು, ದಿನಕ್ಕೊಮ್ಮೆ ಕೈ ತೊಳೆದುಕೊಂಡು ಬಟ್ಟೆ ಬದಲಿಸಬೇಕು, ಮತ್ತೆ ಮತ್ತೆ ಬಿಚ್ಚಬಾರದು. ಅವಳು ಪಾಠ ಒಪ್ಪಿಸುವಂತೆ ಎಲ್ಲವನ್ನೂ ಹೇಳಿ ತೋರಿಸಿದಳು. ನಾನು ಗೋಡೆಯ ಮೇಲಿನ ಹಲ್ಲಿಯನ್ನು ನೋಡುತ್ತಿದ್ದೆ.

ಮರುದಿನದಿಂದ ನಾಗರತ್ನ ಬೆಳಗ್ಗೆ ಎರಡೆರಡು ಸಲ ಸೋಪು ಹಚ್ಚಿ ಕೈ ತೊಳೆದುಕೊಂಡು, ಉಸಿರು ಬಿಗಿಹಿಡಿದು ನನ್ನ ಬೆನ್ನಿಗೆ ಪಟ್ಟಿ ಹಚ್ಚತೊಡಗಿದಳು. "ಹೆಂಗೈತಿ?" ಎಂದು ಕೇಳಿದರೆ, "ಚಲೋ ಐತ್ರಿ. ಹೊಲಿಗಿ ಛಂದಗೆ ಬಿದ್ದಾವ" ಎನ್ನುವಳು. ಎರಡನೆಯ ದಿನವೂ ಅದೇ ಉತ್ತರ. ನನಗೆ ಇದು ಸಾಲಲಿಲ್ಲ. ಎರಡು ಕನ್ನಡಿ ಹಿಡಿದು ಸ್ವತಃ ನೋಡಲು ಹೋದೆ. ಗಾಯ ಕಾಣಲಿಲ್ಲ, ನೆತ್ತಿಯ ಹಿಂದೆ ನನಗೆ ಗೊತ್ತೇ ಇಲ್ಲದೆ ಬೆಳೆದಿದ್ದ ಬೋಳು ಕಂಡಿತು. ಹೆಂಡತಿಯ ಮಾತಿನ ಮೇಲೆ ಅಪನಂಬಿಕೆ ಎಂದಲ್ಲ. ಆದರೆ ಒಂದೇ ರುಜುವಿನ ಮೇಲೆ ಯಾವ ಕಾಗದವೂ ಮುಂದೆ ಹೋಗದ ಕಚೇರಿಯಲ್ಲಿ ಇಪ್ಪತ್ತೇಳು ವರ್ಷ ಗುಮಾಸ್ತಿಕೆ ಮಾಡಿದವನು ನಾನು.

ಮೂರನೆಯ ದಿನ ಕಚೇರಿಗೆ ಹೋದೆ. ಅಂಗಿಯೊಳಗಿನ ಪಟ್ಟಿ ಉಬ್ಬಿ ಕಾಣುವಂತೆ ಹೆಗಲನ್ನು ಸ್ವಲ್ಪ ಓರೆ ಮಾಡಿಕೊಂಡೇ ಕುಳಿತೆ. ನಮ್ಮ ಕಡೆ ಯಾರೂ ಹೇಗಿದ್ದೀರಿ ಎಂದು ಕೇಳಿ ಸುಮ್ಮನಾಗುವುದಿಲ್ಲ, ಕಣ್ಣಾರೆ ನೋಡಿದರೇ ವಿಚಾರಿಸಿದಂತೆ. ಪಕ್ಕದ ಟೇಬಲ್ಲಿನ ಪಂಪಣ್ಣ, "ಏನ್ರಿ, ಗಂಟು ತೆಗಿಸಿದ್ರಂತ! ತೋರಸ್ರಿ, ನೋಡೋಣು" ಎಂದ. ನಾನು ಬೇಡಬೇಡವೆನ್ನುತ್ತಲೇ ಕಡತದ ಕಪಾಟುಗಳ ಹಿಂದೆ ಹೋಗಿ ಅಂಗಿ ಎತ್ತಿದೆ. ಅವನು ಪಟ್ಟಿ ಕಿತ್ತು ನೋಡಿ, "ಅಬಬಬ, ಏಳು ಹೊಲಿಗಿ!" ಎಂದು ಉದ್ಗರಿಸಿದ. ಆ ಉದ್ಗಾರ ನಾಗರತ್ನಳಿಂದ ಒಂದು ದಿನವೂ ಬಂದಿರಲಿಲ್ಲ. ಕಂಪ್ಯೂಟರಿನವನು ನೋಡಿ ಆರೇ ಎಂದ. ವಾದ ಹತ್ತಿ, ತೀರ್ಮಾನಕ್ಕೆ ಮತ್ತಿಬ್ಬರು ಬಂದರು. ಅರ್ಜಿ ಹಿಡಿದು ಕಿಟಕಿಗೆ ಬಂದಿದ್ದ ತಂಬ್ರಹಳ್ಳಿಯ ಹಾಲಜ್ಜ, "ಸಾಹೇಬ್ರ, ಹೆಗಲಿಗೇನಾಗೈತ್ರಿ?" ಎಂದದ್ದೇ ತಡ, ಅವನನ್ನೂ ಒಳಗೆ ಕರೆದೆ. ಆಗಷ್ಟೇ ಸುಣ್ಣ ತಂಬಾಕು ತಿಕ್ಕಿದ್ದ ಹೆಬ್ಬೆರಳಿನಿಂದ ಅವನು ಗಾಯದ ಸುತ್ತ ಒತ್ತಿ, "ನೋವಾಕತೇನ್ರಿ?" ಎಂದು ಕೇಳಿದ. ಕಣ್ಣಲ್ಲಿ ನೀರು ಬಂತು, ಆದರೂ ಇಲ್ಲವೆಂದೆ. "ಭಾಳ ಗಟ್ಟಿ ಮನಿಷಾ ಅದೀರಿ ಬಿಡ್ರಿ" ಎಂದ. ಮೂರು ದಿನದಲ್ಲಿ ಹನ್ನೊಂದು ಜನ ನೋಡಿದರು. ಸಂಜೆ ಮನೆಯಲ್ಲಿ ನಾಗರತ್ನ, "ಈ ಪ್ಲಾಸ್ಟರು ಯಾಕ ನಿಲ್ಲವಲ್ದೋ" ಎಂದು ಔಷಧದ ಅಂಗಡಿಯವನನ್ನು ಬೈದು ಬೇರೆ ಸುರುಳಿ ತಂದಳು. "ಈಗಿನ ಮಾಲೇ ಹಂಗ" ಎಂದು ನಾನೂ ದನಿಗೂಡಿಸಿದೆ.

ಆರನೆಯ ದಿನ ಬೆನ್ನು ಕಾದು, ಬಾತು, ಕೀವು ಕಟ್ಟಿತು. ಆಸ್ಪತ್ರೆಯಲ್ಲಿ ಸಿಸ್ಟರು ಪಟ್ಟಿ ತೆಗೆದವರೇ ನಾಗರತ್ನಳ ಕಡೆ ತಿರುಗಿದರು. "ಏನಮ್ಮಾ, ಹೇಳಿದ್ದೇನು, ನೀ ಮಾಡಿದ್ದೇನು? ಕೈ ತೊಳಕೊಂತಿದ್ದಿಲ್ಲೋ? ಘಳಿಗಿಗೊಮ್ಮೆ ಬಿಚ್ಚಿ ನೋಡೀ ಅನಸ್ತತಿ!" ಹೊರಗೆ ಬೆಂಚಿನ ಮೇಲೆ ಕುಳಿತವರೆಲ್ಲ ಕತ್ತು ಚಾಚಿದರು. ನಾಗರತ್ನ ಸೆರಗಿನ ತುದಿ ಹಿಡಿದುಕೊಂಡು, "ತೊಳಕೊಂತಿದ್ನಿರಿ..." ಎಂದಷ್ಟೇ ಹೇಳಿ ತಲೆ ತಗ್ಗಿಸಿದಳು. ನಾನು ಬೋರಲು ಮಲಗಿದ್ದೆ. ಮಾತಾಡಲು ಅಡ್ಡಿಯೇನೂ ಇರಲಿಲ್ಲ. ಬೆನ್ನಿಗೆ ಗಾಯವಾದರೆ ಬಾಯಿ ಕಟ್ಟುವುದಿಲ್ಲ. ಸುಮ್ಮನಿದ್ದೆ. ಇದನ್ನು ನೆನೆದರೆ ಇವತ್ತಿಗೂ ನನ್ನ ಕಿವಿ ಬಿಸಿಯಾಗುತ್ತದೆ.

ಮರುದಿನ ಬೆಳಗ್ಗೆ ಪಟ್ಟಿ ಬದಲಿಸಲು ಅವಳು ಬಂದಾಗ ಬಳೆಯ ಸದ್ದಿರಲಿಲ್ಲ. ತಿರುಗಿ ನೋಡಿದರೆ ಬಲಗೈ ಬರಿದು. ಒಂದು ಗಾಜಿನ ಬಳೆ ಒಡೆದರೂ ಅದೇ ದಿನ ಬಳೆಗಾರನ ಅಂಗಡಿಗೆ ಓಡುವ ಹೆಂಗಸು ಅವಳು. "ಇದೇನಿದು?" ಎಂದೆ. "ಬಳಿ ತಾಗಿ ಹಿಂಗಾಗೈತೇನೋ ಅಂತ ತೆಗದೀನ್ರಿ. ಉಗುರೂ ಕತ್ತರಿಸೀನಿ. ಎಡಗೈಯಾಗ ಅದಾವಲ್ಲ, ಇರಲಿ ಬಿಡ್ರಿ" ಎಂದಳು.

ಇದನ್ನು ತಡೆದುಕೊಳ್ಳಲಾಗಲಿಲ್ಲ. ಪಂಪಣ್ಣನಿಂದ ಹಾಲಜ್ಜನ ಹೆಬ್ಬೆರಳಿನವರೆಗೆ ಎಲ್ಲವನ್ನೂ ಬಾಯಿಬಿಟ್ಟೆ. ಅವಳು ಕೈ ನಿಲ್ಲಿಸದೆ ಪಟ್ಟಿಯ ನಾಲ್ಕೂ ಅಂಚು ಒತ್ತಿ ಮುಗಿಸಿದಳು.

"ಎಷ್ಟು ಮಂದಿ ನೋಡಿದ್ರು?"

"ಹನ್ನೊಂದು."

"ನೋಡಿ ಏನಂದ್ರು?"

"ಹೊಲಿಗಿ ಛಂದಗೆ ಬಿದ್ದಾವ ಅಂದ್ರು."

"ನಾನೂ ಅದನ್ನ ಅಂದಿದ್ನೆಲ್ರಿ" ಎಂದು ಎದ್ದು ಹೋದಳು.

ಬೈದಿದ್ದರೆ ತಿರುಗಿ ಬೈಯಲು ನನ್ನಲ್ಲಿ ಎರಡು ಮಾತು ತಯಾರಿದ್ದವು. ಅವಳು ಅಡುಗೆಮನೆಯಲ್ಲಿ ಬಳೆ ಏರಿಸಿಕೊಳ್ಳುವ ಸದ್ದು ಕೇಳುತ್ತ, ಅಂಗಿ ಹಾಕಿಕೊಳ್ಳುವುದನ್ನೂ ಮರೆತು ಕುಳಿತಿದ್ದೆ. ಅಂದಿನಿಂದ ಕಚೇರಿಯಲ್ಲಿ ಯಾರು ಕೇಳಿದರೂ ಗೋಡೆಗೆ ಬೆನ್ನು ಕೊಟ್ಟು ಕುಳಿತೆ.

ಹೊಲಿಗೆ ಬಿಚ್ಚುವ ದಿನ ಸಿಸ್ಟರು ಗಾಯ ನೋಡಿ, "ಈ ಸಲ ಚಲೋ ನೋಡ್ಕೊಂಡೀ ನೋಡಮ್ಮಾ. ಮೊದಲೂ ಹಿಂಗ ಮಾಡಿದ್ರ ಏನಾಕ್ಕಿತ್ತು?" ಎಂದರು. ನಾಗರತ್ನ ಅದಕ್ಕೂ ತಲೆಯಾಡಿಸಿದಳು. ನಾನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡು ಬಂದಿದ್ದೆ. ಎದ್ದು ಕುಳಿತು, ಬೆಂಚಿನವರಿಗೂ ಕೇಳಲೆಂದು ಗಟ್ಟಿಯಾಗಿಯೇ ಹೇಳಿದೆ. "ಸಿಸ್ಟರ್, ಆವತ್ತು ತಪ್ಪು ಆಕೀದಲ್ಲ, ನಂದು. ನಾನೇ ಆಫೀಸಿನಾಗ ಹನ್ನೊಂದು ಮಂದಿಗೆ ಬಿಚ್ಚಿ ತೋರಿಸೀನಿ."

ಸಿಸ್ಟರು ಕತ್ತರಿ ಕೆಳಗಿಟ್ಟರು. ನನ್ನ ಕಡೆ ನೋಡಲೇ ಇಲ್ಲ. "ಹನ್ನೊಂದು ಮಂದಿ! ಏನಮ್ಮಾ, ಗಂಡ ಊರಿಗೆಲ್ಲ ಅಂಗಿ ಎತ್ತಿ ತೋರಿಸ್ಕೊಂತ ತಿರುಗಿದ್ರ ನಿನಗ ಗೊತ್ತಾಗಂಗಿಲ್ಲೇನು? ಒಂದು ಮಾತು ಹೇಳಾಕ ಬರಂಗಿಲ್ಲೇನು ನಿನಗ?" ಎಂದು ಮೊದಲಿಗಿಂತ ಜೋರಾಗಿ ಅವಳನ್ನೇ ಬೈದರು. ಬೆಂಚಿನವರು ಈ ಸಲ ಎದ್ದು ನಿಂತೇ ನೋಡಿದರು.

ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಳ್ಳುತ್ತ ನಾಗರತ್ನ ಹೇಳಿದಳು, "ರೀ, ಇನ್ನೊಮ್ಮೆ ನನ್ನ ಪರವಾಗಿ ಮಾತಾಡಾಕ ಹೋಗಬ್ಯಾಡ್ರಿ."

ಆಯಿತೆಂದು ಮಾತು ಕೊಟ್ಟೆ. ಇಷ್ಟು ವರ್ಷದ ಸಂಸಾರದಲ್ಲಿ ಅವಳಿಗೆ ಕೊಟ್ಟ ಮಾತುಗಳ ಪೈಕಿ, ಹೆಚ್ಚಿನ ಶ್ರಮವಿಲ್ಲದೆ ನಾನು ಉಳಿಸಿಕೊಳ್ಳಬಲ್ಲದ್ದು ಇದೊಂದೇ.