ಟ್ರಾಲಿಯಾಗ ಲೋಡ್ ಎಷ್ಟದ, ಖರೆ ಹೇಳ್ರಿ

ಡಾಕ್ಟರ ಮುಂದೆ, ವಕೀಲರ ಮುಂದೆ ಜನ ಸುಳ್ಳು ಹೇಳುತ್ತಾರಂತೆ. ಅವರಿಬ್ಬರೂ ಒಂದು ದಿನ ಶಹಾಪುರದ ನನ್ನ ಅಂಗಡಿಯಲ್ಲಿ ಬಂದು ಕೂತರೆ, ತಮ್ಮ ಗಿರಾಕಿಗಳೆಲ್ಲ ಸತ್ಯವಂತರು ಎಂದು ಸಮಾಧಾನದಿಂದ ಮನೆಗೆ ಹೋದಾರು. ನನ್ನದು ಗಾಡಿ ಕಮಾನಿನ ವ್ಯಾಪಾರ. ಹಿಂದಿನ ಗಾಲಿಗಳ ಹತ್ತಿರ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿರುತ್ತಾರಲ್ಲ, ಅದೇ ಕಮಾನು. ಒಂದೊಂದು ಪಟ್ಟಿಗೆ ಪಾಟಾ ಅನ್ನುತ್ತೇವೆ. ಕಾರಿಗೆ ಟ್ರಾಲಿ ಕಟ್ಟಿ ಎಳೆಯುವವರು ನಮ್ಮ ಕಡೆ ಬಹಳ. ಟ್ರಾಲಿಯ ಮೂತಿ ಕಾರಿನ ಹಿಂಭಾಗವನ್ನು ಒತ್ತುತ್ತದೆ. ಕಾರು ಹಿಂದೆ ಕೂತು ಮುಂದೆ ಏಳುತ್ತದೆ. ಯಾವ ಕಮಾನು ಹಾಕಬೇಕೆಂದು ಆರಿಸಲು ನನಗೆ ಬೇಕಾದದ್ದು ಒಂದೇ ಮಾತು: ಲೋಡ್ ಎಷ್ಟು? ಆ ಒಂದು ಮಾತು ಬಿಟ್ಟು ಉಳಿದ ಮನೆಯ ಮಾತೆಲ್ಲ ಹೇಳುತ್ತಾರೆ. ದಿನಾ ಇದೇ ಕಥೆ. ಮೊನ್ನೆಯದು ಮಾತ್ರ ಸ್ವಲ್ಪ ಬೇರೆ.

೧. ಬಾಲ ಇದ್ದ ಲೆಕ್ಕ

ಶಿರವಾಳದಿಂದ ಗಂಡ ಹೆಂಡತಿ ಬಂದರು. ಆಕೆ ರೊಟ್ಟಿ ಊಟದ ಕೆಲಸದವಳು. ಗಂಡ ಗಾಡಿ ಹೊಡೆಯುವವನು. ಹಳೆಯ ಡೀಸೆಲ್ ಕಾರು, ಅದರ ಹಿಂದೆ ಅಡುಗೆ ಸಾಮಾನಿನ ಟ್ರಾಲಿ. ಹೋದ ತಿಂಗಳು ಒಂದು ನಿಶ್ಚಯದ ಊಟಕ್ಕೆ ಹೊರಟಾಗ ಕಾರು ಹಿಂದೆ ಕುಗ್ಗಿ, ಪ್ರತಿ ತಗ್ಗಿಗೂ ಕುಣಿದು, ಬೇಳೆ ಸಾರು ಅರ್ಧ ದಾರಿಗೇ ನೈವೇದ್ಯ ಆಗಿತ್ತು.

"ಬರೋ ಸೋಮವಾರ ಸುರಪುರದಾಗ ಮದುವಿ ಊಟ ಹಿಡದೀನ್ರಿ ಸಾವ್ಕಾರ್ರ" ಎಂದಳು ಆಕೆ. "ಛತ್ರದ ಮ್ಯಾನೇಜರ ಒಂದ ಮಾತ ಅಂದಾನ. ಸಾರು ಚೆಲ್ಲಲಾರದ, ಹೊತ್ತಿಗೆ ಸರಿಯಾಗಿ ಬಂತಂದ್ರ ಈ ಸೀಜನ್ನಿನ ಊಟ ಎಲ್ಲಾ ನಂದ. ಚೆಲ್ಲಿತಂದ್ರ, ಯಾದಗಿರಿಯವ್ರಿಗೆ ಕೊಡ್ತಾನ."

"ಲೋಡ್ ಎಷ್ಟವ್ವ?"

"ಟ್ರಾಲಿ ಹಿಡದು ಆರು ಕ್ವಿಂಟಲ್ ಇಪ್ಪತ್ತು ಕಿಲೋ. ಆ ಇಪ್ಪತ್ತು ಕಿಲೋ ಉಪ್ಪಿನಕಾಯಿ ಭರಣಿ."

ನನಗೆ ನಗು ಬಂತು. ಇಷ್ಟು ವರ್ಷದಲ್ಲಿ ಬಾಲ ಇದ್ದ ಲೆಕ್ಕವನ್ನು ಯಾವ ಗಿರಾಕಿಯೂ ಹೇಳಿರಲಿಲ್ಲ. ಸಣ್ಣ ಸುಳ್ಳುಗಾರ "ಸುಮಾರು" ಅನ್ನುತ್ತಾನೆ. ಕಿಲೋ ಸಮೇತ ಹೇಳುವವನು ಪಳಗಿದ ಆಸಾಮಿ. ನನ್ನ ಮುಖ ನೋಡಿ ಗಂಡ ಹೇಳಿದ: "ಅಕಿ ಖರೇನೇ ಹೇಳ್ತಾಳ್ರಿ. ಅದಕ್ಕೇ ನಮ್ಮ ಮನಿಗೆ ಸಂಬಂಧಿಕರು ಯಾರೂ ಬರಂಗಿಲ್ಲ."

೨. ಎರಡ ಚೀಲ

ನಂಬಿಕೆ ಯಾಕೆ ಬರಲಿಲ್ಲ ಎಂದು ಅವರಿಗೆ ಚಹಾ ತರಿಸಿ ಹೇಳಿದೆ.

ಮುದನಾಳದ ಒಬ್ಬ ರೈತ ಹೀಗೇ ಬಂದಿದ್ದ. ಒಳ್ಳೆ ಬೆಳೆ ಬಂದ ವರ್ಷ. ಲೋಡ್ ಎಷ್ಟು ಅಂದರೆ, "ಏನದರೀ ನಮ್ದು, ಎರಡ ಚೀಲ ತೊಗರಿ" ಎಂದು ನೆಲ ನೋಡಿದ. ಎರಡು ಚೀಲಕ್ಕೆ ತಕ್ಕ ಮೆತ್ತನೆ ಪಾಟಾ ಕೊಟ್ಟೆ. ವಾರದೊಳಗೆ ತಿರುಗಿ ಬಂದ. ಪಾಟಾ ಬೆನ್ನು ಮುರಿದುಕೊಂಡಿತ್ತು. ಕಾರಿನ ಮೂತಿ ಆಕಾಶ ನೋಡುತ್ತಿತ್ತು. ದೀಪ ಹಚ್ಚಿದರೆ ರಸ್ತೆ ಬಿಟ್ಟು ಬೇವಿನ ಗಿಡದ ತುದಿಗೆ ಬೆಳಕು. ಟ್ರಾಲಿ ಎಲ್ಲಿ ಅಂದರೆ, ನನಗೆ ಕಾಣದಂತೆ ಮೂಲೆಯಾಚೆ ನಿಲ್ಲಿಸಿ ಬಂದಿದ್ದ. ಹೋಗಿ ನೋಡಿದೆ. ತಾಡಪತ್ರಿ ಕೆಳಗೆ ಒಂದು ಸಣ್ಣ ಗುಡ್ಡ.

"ಇದು ಎರಡ ಚೀಲ ಏನೋ ಮಾರಾಯ?"

"ಹಂಗಲ್ರೀ. ಅವತ್ತ ನಿಮ್ಮ ಅಂಗಡ್ಯಾಗ ನಮ್ಮೂರವ್ರ ಇಬ್ರು ಕುಂತಿದ್ರು. ಅವ್ರ ಮುಂದ ಇಷ್ಟ ಬೆಳದದ ಅಂತ ಹ್ಯಾಂಗ ಹೇಳ್ಲಿ? ದೃಷ್ಟಿ ಆಗಂಗಿಲ್ಲೇನು?"

"ದೃಷ್ಟಿ ಬೆಳಿಗೆ ಆಗಲಿಲ್ಲ ನೋಡು, ಕಮಾನಕ್ಕ ಆತು. ಈಗರೆ ಖರೆ ಹೇಳು, ಒಂದೂ ಬಿಡಬ್ಯಾಡ."

ಅವನು ಅತ್ತಿತ್ತ ನೋಡಿ, ಕಿವಿಯ ಹತ್ತಿರ ಬಂದು ಚೀಲದ ಲೆಕ್ಕ ಹೇಳಿದ. ಎರಡು ಹೆಜ್ಜೆ ಹೋದವನು ತಿರುಗಿ ಬಂದು ಟ್ರಾಲಿಯ ಕೊಂಡಿಗೆ ಕಟ್ಟಿದ್ದ ನಿಂಬೆಹಣ್ಣು ಮೆಣಸಿನಕಾಯಿ ತೋರಿಸಿದ. "ಸಾವ್ಕಾರ್ರ, ಇದರ ತೂಕನೂ ಹಿಡೀಬೇಕೇನ್ರಿ?"

೩. ಬೀಗರ ಮುಂದೆ

ಇನ್ನೊಬ್ಬ ಬಳಿಚಕ್ರದವ. ಮಗಳ ಲಗ್ನ ಗೊತ್ತಾಗಿತ್ತು. ಬೀಗರನ್ನೂ ಕರೆದುಕೊಂಡೇ ಬಂದಿದ್ದ. ಅವನ ಗಾಡಿ ಎಳೆಯುತ್ತಿದ್ದದ್ದು ನೀರಿನ ಸಣ್ಣ ಟಾಕಿ ಇಟ್ಟ ಟ್ರಾಲಿ. ಆದರೆ ಬೀಗರು ಪಕ್ಕದಲ್ಲೇ ಕೂತು ಮೀಸೆ ತಿರುವುತ್ತಿದ್ದರು. ಲೋಡ್ ಎಷ್ಟು ಎಂದು ಕೇಳಿದ್ದೇ ತಡ, "ಲೋಡ್ ಅಂತೀರಿ? ನಲವತ್ತ ಚೀಲ ಸಿಮೆಂಟ್ ಹಾಕಿದ್ರೂ ನಮ್ಮ ಗಾಡಿ ಹೂಂ ಅನ್ನಂಗಿಲ್ಲ!" ಅಂದ. ನನಗೆ ಮಾತ್ರ ಕಣ್ಣು ಹೊಡೆದು, ಟಾಕಿಗೆ ಸಾಕಾಗುವಂಥ ಪಾಟಾವನ್ನೇ ಒಯ್ದ.

ಲಗ್ನದ ಹಿಂದಿನ ದಿನ ಫೋನ್ ಬಂತು. ದನಿ ಬಾವಿಯಿಂದ ಬಂದ ಹಾಗಿತ್ತು.

"ಸಾವ್ಕಾರ್ರ, ಬೀಗರು ಬ್ಯಾರೆ ಗಾಡೀನೇ ಮಾಡಿಲ್ರಿ. ಪಲ್ಲಂಗ, ತಿಜೋರಿ, ಪಾತ್ರಿ, ಮ್ಯಾಲ ಬ್ಯಾಂಡಿನವ್ರು... ಎಲ್ಲಾ ನಮ್ಮ ಟ್ರಾಲಿಗೇ ಹಾಕಾಕತ್ಯಾರ. ನಿಮ್ಮದು ಹೂಂ ಅನ್ನಂಗಿಲ್ಲಲ್ಲ ಅಂತಾರ."

"ಗಾಡಿ ಏನಂತದ?"

"ಗಾಡಿ ಹೂಂ ಅಂದು ಭಾಳ ಹೊತ್ತಾತ್ರಿ. ಈಗ ಅಯ್ಯೋ ಅನ್ನಾಕತ್ತದ."

ಅಂದಿನಿಂದ ನನ್ನ ಸೂತ್ರ ಇದು: ಊರವರ ಮುಂದೆ ಹೇಳಿದ್ದನ್ನು ಹೆಚ್ಚಿಸು, ಬೀಗರ ಮುಂದೆ ಹೇಳಿದ್ದನ್ನು ಇಳಿಸು.

ರೊಟ್ಟಿಯಾಕೆ ಚಹಾ ಮುಗಿಸಿ ಲೋಟ ಕೆಳಗಿಟ್ಟಳು. "ಇಲ್ಲಿ ಊರವ್ರೂ ಇಲ್ಲ, ಬೀಗರೂ ಇಲ್ಲ. ಆರು ಕ್ವಿಂಟಲ್ ಇಪ್ಪತ್ತು ಕಿಲೋ."

೪. ಗಾಳಿ ಹಾಕಿಸಿಕೊಂಡ ಗುಮಾಸ್ತ

ಗಂಡನಿಗೆ ಬೇರೆಯೇ ಆಸೆ. "ಕಮಾನದೊಳಗ ಗಾಳಿ ಚೀಲ ಹಾಕ್ತಾರಂತಲ್ರೀ, ಫೋನಿನ್ಯಾಗ ನೋಡೀನಿ. ಅದನ್ನ ಹಾಕಿದ್ರ?"

ಗಾಳಿ ಚೀಲ ಕೆಟ್ಟದ್ದಲ್ಲ. ಲೋಡ್ ಇದ್ದಾಗ ಗಾಳಿ ತುಂಬಬೇಕು, ಇಳಿಸಿದಾಗ ತೆಗೆಯಬೇಕು. ಯಾದಗಿರಿಯ ಒಬ್ಬ ಗುಮಾಸ್ತರು ಹಾಕಿಸಿಕೊಂಡಿದ್ದರು. ರವಿವಾರ ಮೈಕಿನ ಟ್ರಾಲಿ ಎಳೆದು ನಾಲ್ಕು ಕಾಸು ನೋಡುವವರು. ತುಂಬುವುದು ನೆನಪು, ತೆಗೆಯುವುದು ಮರೆವು. ಟ್ರಾಲಿ ಬಿಚ್ಚಿಟ್ಟು ಹೆಂಡತಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ತವರಿಗೆ ಹೊರಟರು. ಕಾರಿನ ಹಿಂಭಾಗ ಚೇಳಿನ ಬಾಲದಂತೆ ಮೇಲೆ. ಮರುದಿನ ಆ ತಾಯಿಯೇ ನನ್ನ ಅಂಗಡಿಗೆ ಬಂದರು.

"ಏನ್ ಹಾಕಿಕೊಟ್ಟೀರಿ ಇವ್ರಿಗೆ? ಊರ ದಾರಿ ಸಪಾಟ ಅದ, ನಾ ಮಾತ್ರ ಗುಡ್ಡ ಇಳದಂಗ ಜಾರಿ ಜಾರಿ ಹೋಗೀನಿ. ತವರುಮನಿ ಮುಟ್ಟೋತನಾ ಇವ್ರ ಸೀಟಿಗೆ ಎರಡೂ ಕಾಲ ಒದ್ದು ಕುಂತೀನಿ!"

ಗುಮಾಸ್ತರು ಹಿಂದಿನಿಂದ ಮೆಲ್ಲಗೆ ಹೇಳಿದರು: "ಒದಿಯೋದು ದಿನಾ ಇರೋದೇರಿ. ಗಾಳಿ ಸಲುವಾಗಿ ಅಂತ ನಾ ತಿಳಕೊಂಡಿಲ್ಲ."

೫. ಖಾಲಿ ಗಾಡಿ

ಕಡೆಗೆ ನಾನು ಒಂದೇ ಮಾತು ಹೇಳಿದೆ: ಶನಿವಾರ ಪೂರ್ತಿ ಲೋಡ್ ಮಾಡಿಕೊಂಡು ಬರ್ರಿ, ಕಣ್ಣಿಲೆ ನೋಡ್ತೀನಿ.

ಬಂದರು. ಪಾತ್ರೆಗಳಲ್ಲಿ ಸಾರಿನ ಬದಲು ನೀರು ತುಂಬಿಸಿದ್ದಳು. ಟ್ರಾಲಿ ಬಿಚ್ಚಿ ಗಾಡಿ ತೂಗುವ ವೇಬ್ರಿಜ್ಜಿಗೆ ಏರಿಸಿದೆವು. ಸರಿಯಾಗಿ ಆರು ಕ್ವಿಂಟಲ್. ನಾನು ಗೆದ್ದೆ ಅಂದುಕೊಂಡೆ. "ಎಲ್ಲದವ್ವ ನಿನ್ನ ಇಪ್ಪತ್ತ ಕಿಲೋ?"

ಆಕೆ ಕಾರಿನ ಕಡೆ ಕೈ ತೋರಿಸಿದಳು. ಗಂಡ ಬಾಗಿಲು ತೆರೆದು ಇಳಿದ. ಎರಡೂ ಕೈಯಲ್ಲಿ ಉಪ್ಪಿನಕಾಯಿ ಭರಣಿ, ಕೂಸಿನ ಹಾಗೆ. "ಅಕಿ ಇಳದ ಮ್ಯಾಲ, ಒಡದೀತಂತ ನಾ ತೊಡಿ ಮ್ಯಾಲ ಇಟಗೊಂಡೀನ್ರಿ."

ಇನ್ನು ವಾದವಿಲ್ಲ. ಟ್ರಾಲಿಯ ಮೂತಿಗೆ ಇಟ್ಟಿದ್ದ ಗ್ಯಾಸ್ ಸಿಲಿಂಡರುಗಳನ್ನು ಹಿಂದಕ್ಕೆ, ಗಾಲಿಯ ನೆತ್ತಿಗೆ ಸರಿಸಿದೆ. ಕುಣಿತ ತಡೆಯಲು ಹೊಸ ಶಾಕ್ ಅಬ್ಸಾರ್ಬರ್. ಕಮಾನಿಗೆ ಮೇಲೊಂದು ಜೋಡಿ ಪಾಟಾ. ಈ ಜೋಡಿ ಪಾಟಾ, ಗಾಡಿ ಖಾಲಿ ಇದ್ದಾಗ ಯಾರ ಸುದ್ದಿಗೂ ಹೋಗುವುದಿಲ್ಲ, ಭಾರ ಬಿದ್ದಾಗ ಮಾತ್ರ ಹೆಗಲು ಕೊಡುತ್ತದೆ. ಇಂಥ ಬಂಧು ಒಬ್ಬನಿರಲಿ ಎಂದು ಜನ ಜನ್ಮವೆಲ್ಲ ಹುಡುಕುತ್ತಾರೆ. ನನ್ನಲ್ಲಿ ನಟ್ಟು ಬೋಲ್ಟು ಸಮೇತ ಸಿಗುತ್ತದೆ. ಟ್ರಾಲಿ ಕಟ್ಟಿದಾಗ ಕಾರು ತಕ್ಕಡಿಯ ದಂಡಿಯಂತೆ ನೆಟ್ಟಗೆ ನಿಂತಿತು.

ಸೋಮವಾರ ಸುರಪುರಕ್ಕೆ ನಾನೂ ಹೋದೆ. ಕೆಲಸ ಇತ್ತು ಅಂತ ಹೇಳಬಹುದು. ಎಣ್ಣೆಗಾಯಿ ಊಟ ಇತ್ತು ಅಂತಲೂ ಹೇಳಬಹುದು. ಛತ್ರದ ಬಾಗಿಲಲ್ಲಿ ಮ್ಯಾನೇಜರ್ ಗಡಿಯಾರ ನೋಡುತ್ತ ನಿಂತಿದ್ದ. ಹೊತ್ತಿಗೆ ಸರಿಯಾಗಿ ಕಾರು ಬಂತು, ಹಿಂದೆ ಒಂದಿಷ್ಟೂ ಕುಗ್ಗದೆ. ನನ್ನ ಎದೆ ಉಬ್ಬಿತು. ಆಮೇಲೆ ಕಾರಿನ ಬಾಗಿಲು ತೆರೆಯಿತು.

ಮೊದಲು ಇಳಿದವರು ಶಿರವಾಳದ ಪೂಜಾರಿ. ಅವರ ಹಿಂದೆ ಬಳೆಗಾರ್ತಿ, ಬಳೆ ಬುಟ್ಟಿ ಸಮೇತ. ಹೊಲಿಗೆ ಮಷಿನ್ ಹೊತ್ತ ಒಬ್ಬ ದರ್ಜಿ. ಮತ್ತೊಬ್ಬ. ಇನ್ನೊಬ್ಬ. ಕೊನೆಗೆ ಒಂದು ಆಡು. ಅದಕ್ಕೂ ಸುರಪುರದಲ್ಲಿ ಏನೋ ಕೆಲಸವಿತ್ತು. ಆಕೆ ಮುಂದಿನ ಸೀಟಿನಲ್ಲಿ ಭರಣಿ ಅಪ್ಪಿಕೊಂಡು ಬಾಯಿ ಬಿಗಿದು ಕೂತಿದ್ದಳು.

"ಇವ್ರೆಲ್ಲ ಯಾರೋ?" ಎಂದು ಗಂಡನನ್ನು ಕೇಳಿದೆ.

"ದಾರಿ ತುಂಬ ಕೈ ಮಾಡಿದ್ರು ಸಾವ್ಕಾರ್ರ. 'ಗಾಡಿ ಎದ್ದು ನಿಂತದ, ಖಾಲೀನೇ ಅದಲ್ಲ, ನಿಲ್ಲಸು' ಅಂದ್ರು. ಪೂರ್ತಿ ಲೋಡ್ ಅದ ಅಂತ ಅಕಿ ಖರೆ ಹೇಳಿದ್ಲು. ಒಬ್ಬರರೆ ನಂಬಬೇಕಲ್ಲ!"

ಅಷ್ಟರಲ್ಲಿ ಮ್ಯಾನೇಜರ್ ಟ್ರಾಲಿ ಹತ್ತಿ ಸಾರಿನ ಮುಚ್ಚಳ ತೆಗೆದ. ನಾವೆಲ್ಲ ಹಿಮ್ಮಡಿ ಎತ್ತಿ ಇಣುಕಿದೆವು. ಆಡು ಕೂಡ ಕತ್ತು ಚಾಚಿತು. ಸಾರು ಕಂಠದವರೆಗೆ ಇತ್ತು. ಹಬೆ ಏಳುತ್ತಿತ್ತು. ಒಂದು ಸೌಟು ಬಾಯಿಗೆ ಬಿಟ್ಟುಕೊಂಡು ಅವನು ಹೇಳಿದ: "ಅಕ್ಕಾರ, ಸೀಜನ್ ನಿಮ್ದ." ಆಮೇಲೆ ಪಂಕ್ತಿಯ ಕಡೆ ಹೊರಟಿದ್ದ ಪೂಜಾರಿ, ದರ್ಜಿಗಳನ್ನು ನೋಡಿ ಹುಬ್ಬೇರಿಸಿದ. "ಇವ್ರು ಹೆಣ್ಣಿನ ಕಡೆಯವ್ರೋ, ಗಂಡಿನ ಕಡೆಯವ್ರೋ?"

"ಯಾ ಕಡೆನೂ ಅಲ್ರಿ" ಎಂದಳು ಆಕೆ. "ಇವ್ರು ನಮ್ಮ ಲೋಡು."

ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವಷ್ಟರಲ್ಲಿ ಗಂಡ ಹೆಂಡತಿ ಕಟ್ಟೆಯ ಮೇಲೆ ಕೂತಿದ್ದರು. ಕೈಯಲ್ಲಿ ನನಗೆಂದು ಬುತ್ತಿ, ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ. ಆದರೆ ಮುಖದಲ್ಲಿ ತಕರಾರು.

"ಏನವ್ವ, ಕಮಾನ ಕುಗ್ಗಿತೇನು?"

"ಕುಗ್ಗಲಿಲ್ರಿ, ಅದೇ ತ್ರಾಸ. ಹಿಂಗ ಎದ್ದು ನಿಂತ್ರ ಸೀಜನ್ ಪೂರ್ತಿ ಊರ ಮಂದೀನ ಹೊತಗೊಂಡ ತಿರಗಬೇಕಾಗ್ತದ." ಆಕೆ ಅತ್ತಿತ್ತ ನೋಡಿದಳು. ಸತ್ಯ ಬಿಟ್ಟು ಬೇರೆ ಮಾತೇ ಗೊತ್ತಿಲ್ಲದವಳು ನನ್ನ ಕಿವಿಯ ಹತ್ತಿರ ಬಂದು ದನಿ ಇಳಿಸಿದಳು.

"ಸಾವ್ಕಾರ್ರ, ಕುಗ್ಗಬಾರದು, ಆದ್ರ ನೋಡಿದವ್ರಿಗೆ ಕುಗ್ಗಿದಂಗ ಕಾಣ್ಬೇಕು. ಅಂಥಾ ಕಮಾನ ಇದ್ರ ತೋರಸ್ರಿ."