ಚುಂಯ್ ಡಿಗ್ರಿಯ ಸ್ಕೋನು

ಹಂಪಿಯಲ್ಲಿ ಮೂರು ರೂಮಿನ ಗೆಸ್ಟ್ ಹೌಸ್ ಇಟ್ಟುಕೊಂಡವರ ಮನೆಯಲ್ಲಿ ನಗು ನೆಲದ ಮೇಲೇ ಬಿದ್ದಿರ್ತದ. ಎತ್ತಿಕೊಳ್ಳೋಕೆ ಒಬ್ಬ ಬೇಕು ಅಷ್ಟೇ. ನಮ್ಮ ಮನೆಯಲ್ಲಿ ಆ ಕೆಲಸ ನನ್ನದು.

೧. ದುಭಾಷಿ

ಹತ್ತನೇ ಕ್ಲಾಸಿನ ಇಂಗ್ಲಿಷಿನಲ್ಲಿ ಎರಡು ಸಲ ಡುಮ್ಕಿ ಹೊಡೆದರೂ ಅವ್ವನ ಪಾಲಿಗೆ ನಾನೇ ದುಭಾಷಿ. ಹೋದ ಚಳಿಗಾಲ ಐರ್ಲೆಂಡಿನ ಅಜ್ಜಿಯೊಬ್ಬಳು ಬಂದಿದ್ದಳು. ಹೊರಡುವ ದಿನ ಬೆಳಿಗ್ಗೆ ಮುಖ ಸಣ್ಣದು ಮಾಡಿಕೊಂಡು ಕೂತಿದ್ದಳು. ತೀರಿಹೋದ ಅವಳ ತಾಯಿಯ ಹುಟ್ಟುಹಬ್ಬ ಅವತ್ತು. ಪ್ರತಿ ವರ್ಷ ಆ ದಿನ ತಾನೇ ಸ್ಕೋನ್ ಸುಟ್ಟು ತಿಂತಾಳಂತೆ, ಒಂದು ವರ್ಷವೂ ತಪ್ಪಿಲ್ಲವಂತೆ. ಸಂಜೆ ಹೊಸಪೇಟೆಯಲ್ಲಿ ರೈಲು.

ಸ್ಕೋನ್ ಅಂದರೆ ಬನ್ನಿನ ದೊಡ್ಡಪ್ಪನ ಮಗ ಅಂತ ಅವ್ವನಿಗೆ ತಿಳಿಸಿದೆ. ಹೊಸಪೇಟೆ ಬೇಕರಿಯಿಂದ ಬನ್ನು ತಂದುಬಿಡಲೇನು ಅಂತಲೂ ಕೇಳಿದೆ.

"ತಾಯಿ ಹೆಸರಿಂದು ಐತಿ, ಅಂಗಡೀದು ಬ್ಯಾಡ. ನಮ್ಮನ್ಯಾಗ ಆಗ್ಬೇಕು," ಅಂದಳು ಅವ್ವ. ಇಷ್ಟು ವರ್ಷದಲ್ಲಿ ನನ್ನ ಹುಟ್ಟುಹಬ್ಬಕ್ಕೆ ಬನ್ನೂ ಬಂದಿಲ್ಲ.

೨. ಸೋಡಾ

ಅಜ್ಜಿ ಸೋಡಾ ಬೇಕು ಅಂದಳು. ನಾನು ಓಡಿಹೋಗಿ ಎರಡು ಗೋಲಿಸೋಡಾ ತಂದೆ. ಒಂದನ್ನು ಅಜ್ಜಿ ಕುಡಿದು ಭಾಳ ಖುಷಿಪಟ್ಟಳು, ಇನ್ನೊಂದನ್ನು ನಾನು. ಅವ್ವ ಗೂಡಿನಿಂದ ಅಡುಗೆ ಸೋಡಾದ ಡಬ್ಬಿ ತೆಗೆದಿಟ್ಟಳು. ಅದು ಅಲ್ಲಿರೋದು ನನಗೂ ಗೊತ್ತಿತ್ತು.

೩. ಒಲೆ

ಓವನ್ ಎಲ್ಲಿಂದ ತರೋದು? ಹಳೇ ದಬರಿ ಪಾತ್ರೆಗೆ ಮರಳು ಹಾಕಿ, ಒಲೆ ಮೇಲಿಟ್ಟು, ಮುಚ್ಚಳದ ಮೇಲೆ ಕೆಂಡ ಸುರಿದಳು ಅವ್ವ. ಎಷ್ಟು ಡಿಗ್ರಿ ಅಂತ ಅಜ್ಜಿ ಕೇಳಿದಳು. ಅವ್ವ ದಬರಿಗೆ ನಾಲ್ಕು ಹನಿ ನೀರು ಚಿಮುಕಿಸಿ, "ಚುಂಯ್ ಅಂತು, ಸಾಕು," ಅಂದಳು.

"ಚುಂಯ್ ಡಿಗ್ರಿ," ಅಂತ ಹೇಳಿದೆ. ಅಜ್ಜಿ ಕನ್ನಡಕ ಏರಿಸಿಕೊಂಡು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಸ್ಪೆಲ್ಲಿಂಗ್ ಕೇಳಿದಾಗ ಮಾತ್ರ ಬೆವರಿದೆ.

೪. ಮಜ್ಜಿಗೆ

ಹಿಟ್ಟು ಕಲಸೋಕೆ ಮಜ್ಜಿಗೆ ಬೇಕು ಅಂತ ಹೇಳಿ ಅಜ್ಜಿ ಸ್ನಾನಕ್ಕೆ ಹೋದಳು. ಅವ್ವ ಒಂದು ಗುಟುಕು ನೋಡಿ ಮುಖ ಸಿಂಡರಿಸಿದಳು. ಸಪ್ಪನೆ ಮಜ್ಜಿಗೆ ಅತಿಥಿಗೆ ಹೆಂಗ ಕೊಡೋದು? ಹಸಿಮೆಣಸಿನಕಾಯಿ, ಶುಂಠಿ ಜಜ್ಜಿ ಹಾಕಿ, ಮೇಲೆ ಸಾಸಿವೆ, ಕರಿಬೇವಿನ ಒಗ್ಗರಣೆ ಕೊಟ್ಟು, ಅದರಲ್ಲೇ ಹಿಟ್ಟು ಕಲಸಿಯೂ ಬಿಟ್ಟಳು. ತಡೆಯಬಹುದಿತ್ತು. ನಾನು ತಡೆಯಲಿಲ್ಲ.

ಲೋಟದಲ್ಲಿ ಗುಂಡಗೆ ಕೊರೆದು ಸುಟ್ಟದ್ದೇ ತಡ, ಮಸ್ತ್ ಉಬ್ಬಿದವು. ಅಜ್ಜಿ ತಾಯಿಯ ಫೋಟೋ ಎದುರಿಗಿಟ್ಟುಕೊಂಡು ಒಂದನ್ನು ಮುರಿದು, ಕಣ್ಣು ಮುಚ್ಚಿ ಕಚ್ಚಿದಳು. ಎರಡು ಸಲ ಅಗಿದಳು. ಕಣ್ಣಿಂದ ದಳದಳ ನೀರು.

ಅವ್ವನೂ ಅತ್ತುಬಿಟ್ಟಳು. ಅಜ್ಜಿಯನ್ನು ತಬ್ಬಿಕೊಂಡಳು. ಅಜ್ಜಿ ಆ ತೆಕ್ಕೆಯೊಳಗಿಂದಲೇ "ವಾಟರ್, ವಾಟರ್" ಅಂತಿದ್ದಳು.

"ಏನಂತಾಳಲೇ?"

"ನೀನ ನಮ್ಮವ್ವ ಅಂತಾಳ," ಅಂದೆ. ಅವ್ವ ಇನ್ನೂ ಬಿಗಿಯಾಗಿ ತಬ್ಬಿಕೊಂಡಳು.

ಅಂತೂ ಬಿಡಿಸಿಕೊಂಡು ಒಂದು ತಂಬಿಗೆ ನೀರು ಕುಡಿದ ಅಜ್ಜಿ, ಸ್ಕೋನನ್ನೂ ಫೋಟೋವನ್ನೂ ನೋಡಿ ನೋಡಿ ನಗೋಕೆ ಶುರುಮಾಡಿದಳು. ಎರಡನೇದನ್ನು ಕೈಗೆತ್ತಿಕೊಂಡು ಏನೋ ಅಂದಳು. ಆ ದಿನ ನಾನು ಸುಳ್ಳಿಲ್ಲದೆ ಅವ್ವನಿಗೆ ತಿಳಿಸಿದ್ದು ಅದೊಂದೇ ಮಾತು: "ನಮ್ಮವ್ವ ಮಾಡಿದ್ದೂ ಒಂದು ಸಲಾನೂ ನೆಟ್ಟಗ ಬಂದಿದ್ದಿಲ್ಲ. ಈಗ ಖರೇನ ಆಕಿ ಹುಟ್ಟುಹಬ್ಬ ಅನ್ನಿಸ್ತು."

ಅವ್ವ ಸೌಟು ಎತ್ತಿದಳು. "ಸತ್ತ ತಾಯಿ ಬಗ್ಗೆ ಯಾರರ ಹಂಗ ಅಂತಾರೇನಲೇ, ಸುಳ್ಳ!"