ಕತ್ತಲಲ್ಲಿ ಕಾಣದ ಗುರಿ

ಶಿರಸಿಯಲ್ಲಿ ಕೋವಿ ರಿಪೇರಿ ಅಂಗಡಿ ಇಟ್ಟವನ ತಲೆಗೆ ಗುಂಡಿಗಿಂತ ಮಾತೇ ಜಾಸ್ತಿ ತಗಲುತ್ತದೆ. ನನ್ನಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಬೆಳೆ ಕಾಯಲು ಲೈಸೆನ್ಸ್ ಪಡೆದ ರೈತರು. ಹಂದಿಗಳು ಗದ್ದೆಗೆ ಇಳಿಯುವುದು ಮುಸ್ಸಂಜೆಗೆ. ಆ ಹೊತ್ತಿನಲ್ಲಿ ನಳಿಗೆಯ ತುದಿಯ ಗುರಿಮಣಿ ಕಾಣುವುದಿಲ್ಲ ಎಂಬುದು ಎಲ್ಲರ ದೂರು. ಅಷ್ಟೇ ಆಗಿದ್ದರೆ ನಾನು ಸುಖವಾಗಿರುತ್ತಿದ್ದೆ.

ಪಿಸ್ತೂಲು

ಬನವಾಸಿ ಕಡೆಯ ಒಬ್ಬರು ಮೊಬೈಲ್ ಹಿಡಿದುಕೊಂಡೇ ಒಳಗೆ ಬಂದರು. ಅದರಲ್ಲೊಂದು ವಿಡಿಯೋ. ಯಾವನೋ ವಿದೇಶದವನು ಕತ್ತಲ ಕಾಡಿನಲ್ಲಿ ಪಿಸ್ತೂಲು ಹಿಡಿದು ನಿಂತಿದ್ದ.

"ನೋಡ್ರಿ, ಇದರ ಗುರಿ ಹಸಿರಾಗಿ ಹೊಳೀತೈತಿ. ಇನ್ನೊಂದು ಕೆಂಪಂದು ಬರ್ತೈತಂತ. ಬೇಟೆಗೆ ಯಾವುದು ಚಲೋ, ಹೇಳ್ರಿ."

"ನಿಮ್ಮ ಹತ್ತಿರ ಪಿಸ್ತೂಲು ಇದೆಯಾ?"

"ಇಲ್ರಿ."

"ಲೈಸೆನ್ಸು?"

"ಅದೂ ಇಲ್ರಿ."

"ಬೇಟೆ ಆಡಿದರೆ ಜೈಲು. ಗೊತ್ತುಂಟಲ್ಲ?"

"ಗೊತ್ತೈತ್ರಿ."

ನನ್ನ ತಾಳ್ಮೆ ಮುಗಿಯಿತು. "ಮತ್ತೆ ಗುರಿ ತಗೊಂಡು ಏನು ಮಾಡ್ತೀರಿ ಮಾರಾಯ್ರೆ?"

ಅವರು ನನ್ನನ್ನೇ ಕನಿಕರದಿಂದ ನೋಡಿದರು. "ಹಂಗಂದ್ರ ಹೆಂಗ್ರಿ? ಮನಷ್ಯಾಗ ಮೊದ್ಲ ಒಂದು ಗುರಿ ಇರಬೇಕಲ್ರಿ!"

ಬೋರ್ಡು

ಪ್ರತಿಯೊಬ್ಬರಿಗೂ ವಿವರಿಸಿ ಬಾಯಿ ನೋವು ಬಂದು, ಗುರಿಮಣಿಯ ಇಂಗ್ಲಿಷ್ ಹೆಸರು ಹಾಕಿ ಬಾಗಿಲ ಮೇಲೆ ಬೋರ್ಡು ಬರೆಸಿದೆ: 'ಕತ್ತಲಲ್ಲಿ ಹೊಳೆಯುವ ಸೈಟ್ ಸಿಗುತ್ತದೆ.' ಮರುದಿನವೇ ಯಲ್ಲಾಪುರದ ಗಂಡ ಹೆಂಡತಿ ಬಂದು ಕುಳಿತರು.

"ಸೈಟು ಎಲ್ಲಿ ಬತ್ತು?" ಎಂದರು ಗಂಡ.

"ತುದಿಗೆ ಬರುತ್ತದೆ," ಎಂದೆ.

"ಕಾರ್ನರ್ ಸೈಟು!" ಹೆಂಡತಿಯ ಮುಖ ಅರಳಿತು. "ಅಳತೆ ಎಷ್ಟು?"

"ಮೂರು ಮಿಲಿಮೀಟರ್."

ಇಬ್ಬರೂ ಮುಖ ಮುಖ ನೋಡಿಕೊಂಡರು. ಗಂಡ ಎದ್ದು ನಿಂತು, "ನಡಿಯೇ, ಇಲ್ಲಿ ತುಳಸಿಕಟ್ಟೆ ಕಟ್ಟಲೂ ಜಾಗ ಇಲ್ಲೆ," ಎಂದರು.

ಬೋರ್ಡನ್ನು ಅವರ ಬೆನ್ನ ಹಿಂದೆಯೇ ಇಳಿಸಿದೆ.

ವಾನಳ್ಳಿಯ ಗಿರಾಕಿ

ಇವರು ಮಾತ್ರ ನನ್ನ ಕಸುಬಿನ ಮಾನಕ್ಕೇ ಕೈ ಹಾಕಿದರು. ವಾನಳ್ಳಿಯ ಹಿರಿಯರು. ಹಂದಿಗಳು ಗದ್ದೆಯ ಅರ್ಧ ಭತ್ತವನ್ನು ತುಳಿದು ಹಾಕಿದ್ದವು. ಬೆದರುಗುಂಡು ಹಾರಿಸಿದರೂ ಒಂದು ಅಂದಾಜು ಬೇಕಲ್ಲ, ಮಣಿ ಕಾಣುವುದಿಲ್ಲ ಎಂದರು. ಬಿಳಿ ಬಣ್ಣ ಬಳಿದು, ಒಂದು ಕಣ್ಣು ಮುಚ್ಚಿ ಗುರಿ ಹಿಡಿಯಿರಿ ಎಂದು ಹೇಳಿ ಕೊಟ್ಟೆ. "ಕಾಣ್ತಿಲ್ಲೆ" ಎಂದು ವಾಪಸ್ ಬಂದರು. ದಪ್ಪ ಹಿತ್ತಾಳೆ ಮಣಿ ಕೂರಿಸಿದೆ. "ಕಾಣ್ತಿಲ್ಲೆ." ಕೊನೆಗೆ ಕತ್ತಲಲ್ಲಿ ಮಿಂಚುಹುಳದಂತೆ ಹೊಳೆಯುವ ಹಸಿರು ಮಣಿ ತರಿಸಿ ಹಾಕಿದೆ.

"ಎಂತದೂ ಕಾಣ್ತಿಲ್ಲೆ ಮಾರಾಯಾ. ಪೂರಾ ಕಪ್ಪು."

"ಕಣ್ಣಿನ ಡಾಕ್ಟರಿಗೆ ತೋರಿಸಿ," ಎಂದೆ.

"ತೋರಿಸಿದ್ದಿ. ಹದ್ದಿನ ಕಣ್ಣು ಹೇಳಿದ."

ಬೈಕು ಹತ್ತಿ ನಾನೇ ವಾನಳ್ಳಿಗೆ ಹೋದೆ. ಸೂರ್ಯ ಮುಳುಗಿದ ಮೇಲೆ ಇಬ್ಬರೂ ಗದ್ದೆಯ ಅಂಚಿನಲ್ಲಿ ಕುಳಿತೆವು. ಸ್ವಲ್ಪ ಹೊತ್ತಿಗೆ ಭತ್ತ ಅಲುಗಾಡಿತು. ಹಂದಿಗಳ ದೊಡ್ಡ ಹಿಂಡು. ಹಿರಿಯರು ಕೋವಿ ಎತ್ತಿ ಹೆಗಲಿಗೆ ಕೊಟ್ಟರು. ಹಸಿರು ಮಣಿ ನನಗೇ ಪಕ್ಕದಿಂದ ಕಾಣುತ್ತಿತ್ತು. "ಕಾಣ್ತದಾ?" ಎಂದು ಪಿಸುಗುಟ್ಟಿದೆ.

"ಇಲ್ಲೆ!"

ಬಗ್ಗಿ ಅವರ ಮುಖ ನೋಡಿದೆ. ಎರಡೂ ಕಣ್ಣು ಬಿಗಿಯಾಗಿ ಮುಚ್ಚಿದ್ದವು!

ಕೋವಿಯನ್ನು ಕಿತ್ತುಕೊಂಡೆ. "ಕಣ್ಣು ಬಿಡ್ರೀ!"

"ಒಂದು ಕಣ್ಣು ಮುಚ್ಚವು ಹೇಳಿ ನೀನೇ ಹೇಳಿದ್ದೆ," ಎಂದು ನನ್ನ ಮೇಲೇ ರೇಗಿದರು. "ನಂಗೆ ಒಂದೇ ಮುಚ್ಚಲೆ ಬತ್ತಿಲ್ಲೆ. ಅದರ ಸಂಗಡ ಇನ್ನೊಂದೂ ಮುಚ್ಚಿ ಹೋಗ್ತು!"

ನಮ್ಮ ಗಲಾಟೆಗೆ ಅವರ ಹೆಂಡತಿ ಹಂದಿ ಬಂತೆಂದು ಅಂಗಳದಿಂದ ಹರಿವಾಣ ಬಡಿಯುತ್ತಾ ಓಡಿ ಬಂದರು. ಆ ಸದ್ದಿಗೆ ಹಂದಿಗಳು ಒಂದೂ ಉಳಿಯದೆ ಕಾಡಿಗೆ ಓಟ ಕಿತ್ತವು. ವಿಷಯ ತಿಳಿದದ್ದೇ ಆಕೆ ಬದುವಿನ ಮೇಲೆ ಕುಳಿತು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ನಗತೊಡಗಿದರು.

"ಅಯ್ಯೋ, ಈಗ ಗೊತ್ತಾತು! ಹೆಣ್ಣು ನೋಡಲೆ ಬಂದಾಗ ಈ ಮನುಷ್ಯ ನನ್ನೆದುರು ಕೂತು ಸುಮ್ಮಸುಮ್ಮನೆ ಎರಡೂ ಕಣ್ಣು ಮುಚ್ಚಿ ಮುಚ್ಚಿ ಬಿಡ್ತಿದ್ದ. ಕಣ್ಣು ಹೊಡೆದದ್ದಾ ಅದು? ಆನು ಪಾಪ, ಮಾಣಿಗೆ ನಿದ್ದೆ ಬತ್ತಾ ಇದ್ದು ಹೇಳಿ ತಿಳ್ಕಂಡು ತಲೆದಿಂಬು ತಂದು ಕೊಟ್ಟಿದ್ದಿ!"